ಗಾಳಿ ಬೇಡದ ಜೀವಿಗಳನ್ನು ಕಂಡ ಲೂಯಿ ಪಾಶ್ಚರ್

ಗೆಳೆಯರೇ, ಕಳೆದ ಕಿರುಪರೀಕ್ಷೆಯಲ್ಲಿ ಎಲ್ಲಾ ಜೀವಿಗಳಿಗೂ ಬದುಕಲು ಗಾಳಿ ಬೇಕೇ ಬೇಕು ಅಂತ ನಾನು ಬರೆದಿದ್ದೆ. ವಿಜ್ಞಾನದ ಮೇಷ್ಟ್ರು ಅರ್ಧ ಅಂಕ ಕಳೆದರು. ಹಾಗಾದ್ರೆ ನಿಮ್ಮನೆ ಗೋಬರ್ ಗ್ಯಾಸ್ ಗುಂಡಿಯೊಳಗೆ ಇರೋರು ಯಾರು ಅಂತ ಕೇಳಿದ್ರು. ನನಗೆ ಸಿಟ್ಟು ಬಂತು. ಆಮೇಲೆ ಅವರೇ ಕೊಟ್ಟ ಪುಸ್ತಕ ಓದಿದೆ. ಹಿಂದೆ ದೊಡ್ಡ ದೊಡ್ಡ ಪಂಡಿತರೂ ನನ್ನ ಹಾಗೇ ನಂಬಿದ್ದರಂತೆ. ಆ ನಂಬಿಕೆಯನ್ನು 1861ರಲ್ಲಿ ಅಲುಗಾಡಿಸಿದವರು ಲೂಯಿ ಪಾಶ್ಚರ್.

ಪಾಶ್ಚರ್ ಅವರು 1822ರ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ಡೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆಯದು ಚರ್ಮ ಹದ ಮಾಡುವ ಕಸುಬು. ಹುಡುಗನಿಗೆ ಚಿತ್ರ ಬರೆಯೋದು ಅಂದ್ರೆ ಬಹಳ ಇಷ್ಟ. ಹದಿನೈದನೇ ವಯಸ್ಸಿಗೆ ಓದಲು ಪ್ಯಾರಿಸ್‌ಗೆ ಕಳಿಸಿದರೆ, ಮನೆ ನೆನಪಾಗಿ ಕೆಲವೇ ವಾರಗಳಲ್ಲಿ ವಾಪಸ್ ಬಂದುಬಿಟ್ಟರು! (ಹಾಸ್ಟೆಲಿಗೆ ಹೋದ ನಮ್ಮ ಕೆಲವರ ಹಾಗೆ. ಹೆಸರು ಹೇಳೋದಿಲ್ಲ.) 1842ರ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಸಿಕ್ಕಿದ್ದು ಬರೀ ಸಾಧಾರಣ ದರ್ಜೆ. ಮುಂದೆ ಅದೇ ವಿಷಯಕ್ಕೆ ಪ್ರೊಫೆಸರ್ ಆದರು.

1859ರಲ್ಲಿ ಅವರ ದೊಡ್ಡ ಮಗಳು ಒಂಬತ್ತು ವರ್ಷಕ್ಕೇ ವಿಷಮಶೀತ ಜ್ವರದಿಂದ ತೀರಿಕೊಂಡಳು. ಆ ದುಃಖದಲ್ಲೂ ಅವರು ಕೆಲಸ ಬಿಡಲಿಲ್ಲ. ಪ್ಯಾರಿಸ್‌ನ ಕಾಲೇಜೊಂದರ ಅಟ್ಟವೇ ಅವರ ಪ್ರಯೋಗಶಾಲೆ.

ಬೆಣ್ಣೆ ಹಳಸಿದರೆ ಒಂದು ಕೆಟ್ಟ ವಾಸನೆ ಬರುತ್ತಲ್ಲ, ಅದರ ಆಮ್ಲ ಸಕ್ಕರೆಯ ದ್ರಾವಣ ಹುಳಿಯುವಾಗಲೂ ಹುಟ್ಟಬಹುದು. ಅಂಥ ದ್ರಾವಣದ ಒಂದು ಹನಿಯನ್ನು ಗಾಜಿನ ಎರಡು ಚೂರುಗಳ ನಡುವೆ ಇಟ್ಟು ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಡ್ಡಿಯಂಥ ಸೂಕ್ಷ್ಮಜೀವಿಗಳು ಕಂಡವು. ಹನಿಯ ನಡುವೆ ಇದ್ದವು ಚುರುಕಾಗಿ ಓಡಾಡ್ತಾ ಇದ್ದವು. ಅಂಚಿನಲ್ಲಿ, ಗಾಳಿ ತಾಗುವ ಕಡೆ ಇದ್ದವು ಮಾತ್ರ ಅಲ್ಲಾಡದೆ ಬಿದ್ದಿದ್ದವು. ಆಗಬೇಕಾದದ್ದು ಇದರ ಉಲ್ಟಾ ಅಲ್ಲವೇ? ಅವರು ದ್ರಾವಣದೊಳಗೆ ಗಾಳಿ ಹಾಯಿಸಿ ನೋಡಿದರು. ಹುಳಿಯೋದೇ ನಿಂತುಹೋಯ್ತು. ನಮಗೆ ಪ್ರಾಣವಾದ ಆಮ್ಲಜನಕವೇ ಅವಕ್ಕೆ ವಿಷ! ನಮ್ಮ ಪಾಠದ ಅವಾಯುವಿಕ ಉಸಿರಾಟ ಅನ್ನೋ ಮಾತಿನ ಬೇರು ಈ ಒಂದು ಹನಿಯಲ್ಲಿದೆ.

1868ರಲ್ಲಿ ಪಾರ್ಶ್ವವಾಯು ಬಡಿದು ಅವರ ಎಡಭಾಗ ಸ್ವಾಧೀನ ತಪ್ಪಿತು. ಹುಚ್ಚುನಾಯಿ ಕಡಿತದ ಲಸಿಕೆಯನ್ನು ಮನುಷ್ಯರಿಗೆ ಕೊಟ್ಟಿದ್ದು ಅದಾದ ಮೇಲೆ, 1885ರಲ್ಲಿ. ಆ ಕತೆ ಎಲ್ಲರಿಗೂ ಗೊತ್ತು, ಬಿಡಿ. 1895ರ ಸೆಪ್ಟೆಂಬರ್ 28ರಂದು ನಿಧನರಾದರು.

ನಮ್ಮನೆ ಗುಂಡಿಯಲ್ಲಿ ಮಿಥೇನ್ ಅನಿಲ ಮಾಡೋವು ಪಾಶ್ಚರ್ ಕಂಡ ಜೀವಿಗಳಲ್ಲ, ಬೇರೆ ಗುಂಪಿನವು. ಆದರೆ ಅವಕ್ಕೂ ಗಾಳಿ ಆಗಿಬರೋದಿಲ್ಲ. ಹೀಗೆ ಮಿಥೇನ್ ಮಾಡುವ ಇನ್ನೊಂದು ಸೂಕ್ಷ್ಮಜೀವಿ ಹಿಂದೂ ಮಹಾಸಾಗರದ ತಳದಲ್ಲಿ, ಬಿಸಿನೀರು ಚಿಮ್ಮುವ ಜಾಗದಲ್ಲಿ ಸಿಕ್ಕಿದೆ. ಜಪಾನಿನ ವಿಜ್ಞಾನಿಗಳು ಹೆಚ್ಚಿನ ಒತ್ತಡದಲ್ಲಿ ಇಟ್ಟಾಗ ಅದು 122 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಬೆಳೆಯಿತು ಅಂತ 2008ರಲ್ಲಿ ತಿಳಿಸಿದರು. ನಮ್ಮ ಒಲೆ ಮೇಲೆ ಕುದಿಯೋ ನೀರು 100 ಡಿಗ್ರಿ ಅಷ್ಟೆ!

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಸಗಣಿ ಕಲಸಿ ಗುಂಡಿಗೆ ಹಾಕ್ತಾ ಇದ್ದವರು, ಹಾಗಾದ್ರೆ ದಿನಾ ಅವಕ್ಕೆ ಊಟ ಹಾಕ್ತಿರೋಳು ನಾನೇ ಅಂತ ನಕ್ಕರು. ನಾನು ನನ್ನ ಉತ್ತರ ತಿದ್ದಿ ಬರೆದು ಮೇಷ್ಟ್ರಿಗೆ ತೋರಿಸಿದ್ದೀನಿ. ಅರ್ಧ ಅಂಕ ಮಾತ್ರ ಇನ್ನೂ ವಾಪಸ್ ಬಂದಿಲ್ಲ.