ಸಾಂಕವಾಳದಿಂದ ಹಾರ್ವರ್ಡಿಗೆ: ಧರ್ಮಾನಂದ ಕೋಸಂಬಿಯವರ ವಿದ್ಯಾಯಾತ್ರೆ



ವಾಸ್ಕೋದಿಂದ ಮಡಗಾಂವಿಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ದಾರಿಯಲ್ಲಿ ಜುವಾರಿನಗರ ಸಿಗುತ್ತದೆ. ಒಂದು ಕಡೆ ರಸಗೊಬ್ಬರದ ಕಾರ್ಖಾನೆ, ಇನ್ನೊಂದು ಕಡೆ ಬಿಟ್ಸ್ ಪಿಲಾನಿ ಸಂಸ್ಥೆಯ ದೊಡ್ಡ ಕಟ್ಟಡಗಳು, ಮತ್ತೊಂದು ಕಡೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದ ನಮ್ಮ ಕನ್ನಡದ ಕುಟುಂಬಗಳ ಮನೆಗಳು. ಇದೆಲ್ಲ ಸೇರಿರುವುದು ಸಾಂಕವಾಳ ಎಂಬ ಹಳೆಯ ಗ್ರಾಮಕ್ಕೆ. ಈ ಗ್ರಾಮದಲ್ಲಿ ಹುಟ್ಟಿದ ಒಬ್ಬರು, ಕೇವಲ ಊರಿನ ಮರಾಠಿ ಓದಿನ ಬಲದ ಮೇಲೆ ಹೊರಟು, ಸಿಂಹಳ, ಬರ್ಮಾಗಳಲ್ಲಿ ಕಲಿತು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ಬಾರಿ ಕೆಲಸ ಮಾಡಿ ಬಂದರು ಎಂದು ಈ ವರ್ಷ ತರಗತಿಯಲ್ಲಿ ಹೇಳಿದಾಗ, ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ಅವರು ನಮ್ಮ ಜುವಾರಿನಗರದವರೇ ಎಂದು ಎರಡೆರಡು ಸಲ ಕೇಳಿದ. ಅವನಿಗೆ ನಂಬಿಕೆ ಬರಲಿಲ್ಲ. ಆ ಹುಡುಗನಿಗಾಗಿಯೂ ಅವನ ತಂದೆತಾಯಿಗಳಿಗಾಗಿಯೂ ಈ ಲೇಖನವನ್ನು ಬರೆಯುತ್ತಿದ್ದೇನೆ.

ಧರ್ಮಾನಂದ ದಾಮೋದರ ಕೋಸಂಬಿಯವರು 1876ರ ಅಕ್ಟೋಬರ್ 9ರಂದು ಜನಿಸಿದರು. ಆಗ ಗೋವಾ ಪೋರ್ಚುಗೀಸರ ಆಡಳಿತದಲ್ಲಿತ್ತು. ಮನೆಯವರಿಗೆ ತೆಂಗಿನ ತೋಟವೇ ಜೀವನಾಧಾರ. ಊರಿನಲ್ಲಿ ಮುಂದಿನ ಓದಿಗೆ ಅನುಕೂಲವಿರಲಿಲ್ಲವಾಗಿ ಬಾಲಕನ ಶಾಲೆ ಬೇಗನೆ ನಿಂತುಹೋಯಿತು. ತೋಟದ ಕೆಲಸ ಹೆಗಲಿಗೆ ಬಂತು. 1891ರಲ್ಲಿ, ಹದಿನೈದು ತುಂಬುವ ಮೊದಲೇ, ಅಂದಿನ ರೂಢಿಯಂತೆ ಬಾಲಾಬಾಯಿ ಎಂಬ ಕನ್ಯೆಯೊಡನೆ ಮದುವೆಯೂ ಆಯಿತು. ಮುಂದಿನ ಬಾಳು ತೆಂಗಿನಕಾಯಿ ಎಣಿಸುವುದರಲ್ಲಿಯೇ ಕಳೆಯುತ್ತದೆ ಎಂದು ಊರಿನವರು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಓದುವ ಚಟ ಮಾತ್ರ ಬಿಡಲಿಲ್ಲ. ಕೈಗೆ ಸಿಕ್ಕ ಮರಾಠಿ ಪುಸ್ತಕ, ಪತ್ರಿಕೆಗಳನ್ನೆಲ್ಲ ಅವರು ಓದುತ್ತಿದ್ದರು. ಒಮ್ಮೆ ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಬುದ್ಧನ ಚರಿತ್ರೆ ಕಣ್ಣಿಗೆ ಬಿತ್ತು. ಅದು ದೊಡ್ಡ ಗ್ರಂಥವಲ್ಲ, ಮಕ್ಕಳಿಗಾಗಿ ಬರೆದ ಒಂದು ಚಿಕ್ಕ ಲೇಖನ. ಆದರೆ ಆ ಲೇಖನ ಅವರ ಮನಸ್ಸಿನಲ್ಲಿ ಬೀಜದಂತೆ ಬಿದ್ದಿತು. ಬುದ್ಧನ ಉಪದೇಶವನ್ನು ಮೂಲದಿಂದಲೇ ಅರಿಯಬೇಕು, ಅರಿತು ನಮ್ಮ ಜನರಿಗೆ ತಿಳಿಸಬೇಕು ಎಂಬ ಹಂಬಲ ದಿನದಿಂದ ದಿನಕ್ಕೆ ಬೆಳೆಯಿತು. ಶಾಲೆಯ ಪತ್ರಿಕೆಯ ಪುಟಗಳನ್ನು ಹಗುರವಾಗಿ ಕಾಣುವ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿಡಬೇಕು.

1899ರ ಡಿಸೆಂಬರಿನಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ಅವರು ಮನೆ ಬಿಟ್ಟರು. ಮನೆಯಲ್ಲಿ ಹೆಂಡತಿ, ಆಕೆಯ ತೊಡೆಯ ಮೇಲೆ ಮಾಣಿಕ ಎಂಬ ಎಳೆಗೂಸು. ಇದನ್ನು ಮುಚ್ಚಿಟ್ಟು ಅವರ ಜೀವನಚರಿತ್ರೆಯನ್ನು ಹೇಳುವುದು ಸರಿಯಲ್ಲ. ದೊಡ್ಡವರ ಬಾಳಿನಲ್ಲಿಯೂ ಒಬ್ಬರ ವಿದ್ಯೆಗೆ ಇನ್ನೊಬ್ಬರು ಬೆಲೆ ತೆತ್ತಿರುತ್ತಾರೆ. ಸುಮಾರು ಏಳು ವರ್ಷ ಬಾಲಾಬಾಯಿಯವರು ಪತಿಯಿಲ್ಲದ ಸಂಸಾರದ ಭಾರ ಹೊತ್ತರು. ಹಾರ್ವರ್ಡಿನ ಹೆಸರು ಹೇಳುವಾಗ ನಾವು ಆ ತಾಯಿಯ ಹೆಸರನ್ನೂ ಹೇಳಬೇಕು.

ಮೊದಲು ಪುಣೆ, ಅಲ್ಲಿಂದ ಗ್ವಾಲಿಯರ್, ಅಲ್ಲಿಂದ ಕಾಶಿ. ಸಂಸ್ಕೃತ ಬಾರದೆ ಮುಂದೆ ಹೋಗುವಂತಿರಲಿಲ್ಲ. ಕಾಶಿಯ ಅನ್ನಛತ್ರದಲ್ಲಿ ಉಂಡು, ಚಳಿ ಬಿಸಿಲೆನ್ನದೆ ಪಂಡಿತರ ಬಳಿ ಪಾಠ ಹೇಳಿಸಿಕೊಂಡರು. ಬುದ್ಧ ಹುಟ್ಟಿದ ನಾಡಿನಲ್ಲಿ ಬೌದ್ಧ ವಿದ್ಯೆ ಉಳಿದಿರಬಹುದೆಂಬ ಆಸೆಯಿಂದ 1902ರಲ್ಲಿ ನೇಪಾಳಕ್ಕೆ ಹೋದರು. ಅಲ್ಲಿ ತಾವು ಹುಡುಕಿದ ವಿದ್ಯೆ ದೊರೆಯದೆ ನಿರಾಶರಾದರು. ಬುದ್ಧಗಯೆಗೆ ಬಂದಾಗ, ಪಾಲಿ ಭಾಷೆಯ ಮೂಲಗ್ರಂಥಗಳನ್ನು ಕಲಿಯಬೇಕಾದರೆ ಸಿಂಹಳಕ್ಕೇ, ಎಂದರೆ ಇಂದಿನ ಶ್ರೀಲಂಕೆಗೇ, ಹೋಗಬೇಕೆಂಬುದು ಖಚಿತವಾಯಿತು. ನಮ್ಮ ದೇಶದಲ್ಲಿ ಹುಟ್ಟಿದ ವಿದ್ಯೆಯನ್ನು ಕಲಿಯಲು ನಮ್ಮವರೇ ಪರದೇಶಕ್ಕೆ ಹೋಗಬೇಕಾಗಿದ್ದ ಕಾಲವದು.

ಕೊಲಂಬೋ ನಗರದಲ್ಲಿ 1873ರಲ್ಲಿ ಸ್ಥಾಪನೆಯಾಗಿದ್ದ ವಿದ್ಯೋದಯ ಎಂಬ ವಿದ್ಯಾಪೀಠವಿತ್ತು. ಅದರ ಮುಖ್ಯಸ್ಥರು ಸುಮಂಗಲ ಮಹಾಸ್ಥವಿರರು. ಅವರ ಆಶ್ರಯದಲ್ಲಿ ಕೋಸಂಬಿಯವರು ದೀಕ್ಷೆ ಪಡೆದು ಪಾಲಿಯ ಅಭ್ಯಾಸಕ್ಕೆ ಕುಳಿತರು. ಭಾಷೆ ಹೊಸದು, ಲಿಪಿ ಹೊಸದು. ಶಾಕಾಹಾರಿಯಾದ ಅವರಿಗೆ ಅಲ್ಲಿನ ಊಟ ಹಿಡಿಸಲಿಲ್ಲ, ಆರೋಗ್ಯ ಕೆಟ್ಟಿತು. ಆದರೂ ಕಲಿಕೆ ನಿಲ್ಲಲಿಲ್ಲ. ಸಿಂಹಳದ ನಂತರ ಬರ್ಮಾಕ್ಕೆ ಹೋಗಿ ಅಲ್ಲಿನ ಲಿಪಿಯಲ್ಲಿದ್ದ ಗ್ರಂಥಗಳನ್ನೂ ಓದಿದರು, ಧ್ಯಾನವನ್ನೂ ಕಲಿತರು. ಈ ಎರಡು ಲಿಪಿಗಳ ಜ್ಞಾನ ಮುಂದೆ ಎಷ್ಟು ದೊಡ್ಡ ಬಾಗಿಲನ್ನು ತೆರೆಯಲಿದೆ ಎಂಬುದು ಆಗ ಅವರಿಗೂ ತಿಳಿದಿರಲಿಲ್ಲ.

1906ರಲ್ಲಿ ಕಲಕತ್ತೆಗೆ ಬಂದು, ಕಾಷಾಯ ವಸ್ತ್ರವನ್ನು ಬಿಟ್ಟು, ಅಲ್ಲಿನ ರಾಷ್ಟ್ರೀಯ ಕಾಲೇಜಿನಲ್ಲಿ ಪಾಲಿ ಅಧ್ಯಾಪಕರಾದರು. ಕಲಕತ್ತಾ ವಿಶ್ವವಿದ್ಯಾಲಯದಲ್ಲಿಯೂ ಪಾಠ ಹೇಳಿದರು. ಅದೇ ವರ್ಷ ಗೋವಾಕ್ಕೆ ಬಂದು ಹೆಂಡತಿ ಮಗಳನ್ನು ಕಂಡರು. 1907ರ ಜುಲೈ 31ರಂದು ಮಗ ದಾಮೋದರ ಹುಟ್ಟಿದನು. ಕಲಕತ್ತೆಯಲ್ಲಿಯೇ ಉಳಿದಿದ್ದರೆ ಹೆಚ್ಚಿನ ಸಂಬಳ ದೊರೆಯುತ್ತಿತ್ತು. ಆದರೆ ಕಲಿತದ್ದು ತಮ್ಮ ನುಡಿಯ ಜನರಿಗೆ ಮುಟ್ಟಬೇಕೆಂಬುದು ಅವರ ಸಂಕಲ್ಪ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 50 ರೂಪಾಯಿ ವೇತನ ಕೊಡಲು ಮುಂದೆ ಬಂದಾಗ, ಅದನ್ನೇ ಒಪ್ಪಿಕೊಂಡು ಪುಸ್ತಕ ಬರೆಯಲು ಈ ಕಡೆಗೆ ಬಂದುಬಿಟ್ಟರು.

ಈಗ ಕಥೆಯ ಇನ್ನೊಂದು ತುದಿಯನ್ನು ನೋಡೋಣ. ಅಮೆರಿಕದಲ್ಲಿ ಹೆನ್ರಿ ಕ್ಲಾರ್ಕ್ ವಾರನ್ ಎಂಬ ವಿದ್ವಾಂಸರು ಬುದ್ಧಘೋಷನ ‘ವಿಶುದ್ಧಿಮಾರ್ಗ’ವೆಂಬ ಪಾಲಿ ಮಹಾಗ್ರಂಥವನ್ನು ಸಂಪಾದಿಸುತ್ತಿದ್ದರು. ಐದನೆಯ ಶತಮಾನದ ಆ ಗ್ರಂಥದ ಪ್ರತಿಗಳು ಬರ್ಮೀ ಮತ್ತು ಸಿಂಹಳ ಲಿಪಿಗಳಲ್ಲಿದ್ದವು. ಅವನ್ನು ಒಂದಕ್ಕೊಂದು ತಾಳೆ ನೋಡಿ ಶುದ್ಧ ಪಾಠವನ್ನು ನಿರ್ಣಯಿಸಬೇಕು. ಕೆಲಸ ಮುಗಿಯುವ ಮೊದಲೇ 1899ರಲ್ಲಿ ವಾರನ್ ತೀರಿಕೊಂಡರು. ಕೋಸಂಬಿಯವರು ಸಾಂಕವಾಳದ ಮನೆಯ ಹೊಸ್ತಿಲು ದಾಟಿದ್ದೂ ಅದೇ ವರ್ಷ! ಆ ಹಸ್ತಪ್ರತಿಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ, ಎರಡೂ ಲಿಪಿ ಬಲ್ಲ ಪಾಲಿ ಪಂಡಿತರೊಬ್ಬರಿಗಾಗಿ ಕಾದುಕೊಂಡಂತಿದ್ದವು. ಹಾರ್ವರ್ಡಿನ ಪ್ರಾಧ್ಯಾಪಕ ಜೇಮ್ಸ್ ವುಡ್ಸ್ ಭಾರತಕ್ಕೆ ಬಂದಾಗ ಕೋಸಂಬಿಯವರ ಪರಿಚಯವಾಯಿತು. ಅವರ ಕರೆಯ ಮೇರೆಗೆ 1910ರಲ್ಲಿ ಕೋಸಂಬಿಯವರು ಹಡಗು ಹತ್ತಿದರು.

ಅಲ್ಲಿ ಕೆಲಸದ ಮೇಲ್ವಿಚಾರಣೆ ಪ್ರಾಧ್ಯಾಪಕ ಚಾರ್ಲ್ಸ್ ಲ್ಯಾನ್‌ಮನ್ನರದು. ಅವರು ದೊಡ್ಡ ಸಂಸ್ಕೃತ ವಿದ್ವಾಂಸರು. ಆದರೆ ಸಂಪಾದನೆಯ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬಂತು. ಕೋಸಂಬಿಯವರ ಬಳಿ ಒಂದು ಪದವಿಯೂ ಇರಲಿಲ್ಲ, ಹಣವೂ ಇರಲಿಲ್ಲ. ಆದರೂ ತಮ್ಮ ದುಡಿಮೆಯ ಗೌರವವನ್ನು ಬಿಟ್ಟುಕೊಡದೆ 1912ರಲ್ಲಿ ಕೆಲಸ ಬಿಟ್ಟು ಹಿಂದಿರುಗಿದರು. ಪರದೇಶದ ದೊಡ್ಡ ಸಂಸ್ಥೆಯೆಂದು ತಲೆ ಬಾಗಿಸಿ ನಿಲ್ಲಲಿಲ್ಲ, ಹಗೆಯನ್ನೂ ಸಾಧಿಸಲಿಲ್ಲ. ಕೆಲಸವೇ ಮುಖ್ಯವೆಂದು ಮುಂದೆ 1918ರಿಂದ 1922ರವರೆಗೆ, 1926–27ರಲ್ಲಿ ಮತ್ತು 1931–32ರಲ್ಲಿ ಮತ್ತೆ ಹಾರ್ವರ್ಡಿಗೆ ಹೋದರು. ಆ ಗ್ರಂಥ ಅಮೆರಿಕದಲ್ಲಿ ಅಚ್ಚಾಗಿ ಹೊರಬಂದದ್ದು 1950ರಲ್ಲಿ, ಅವರು ತೀರಿಕೊಂಡ ಮೂರು ವರ್ಷಗಳ ಮೇಲೆ. ಆದರೆ ಅವರು ಅದಕ್ಕಾಗಿ ಕಾಯುತ್ತ ಕೂಡದೆ 1940ರಲ್ಲಿಯೇ ನಾಗರೀ ಲಿಪಿಯಲ್ಲಿ ಅದನ್ನು ನಮ್ಮ ದೇಶದಲ್ಲಿ ಪ್ರಕಟಿಸಿದ್ದರು.

ಇಷ್ಟೆಲ್ಲ ಓಡಾಟದಿಂದ ಬಂದ ಪ್ರಯೋಜನವೇನು? 1912ರಿಂದ 1918ರವರೆಗೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸಿ, ಮುಂದೆ ಹೆಸರಾದ ಪಾಲಿ ವಿದ್ವಾಂಸರ ಒಂದು ಪೀಳಿಗೆಯನ್ನೇ ಸಿದ್ಧಗೊಳಿಸಿದರು. ಅವರ ನಂತರದ ವಿದ್ಯಾರ್ಥಿಗಳು ಪಾಲಿಗಾಗಿ ಸಿಂಹಳಕ್ಕೆ ಹೋಗಲೇಬೇಕೆಂಬ ಕಷ್ಟ ತಪ್ಪಿತು. ಗಾಂಧೀಜಿಯವರು ಸ್ಥಾಪಿಸಿದ ಅಹಮದಾಬಾದಿನ ಗುಜರಾತ ವಿದ್ಯಾಪೀಠದಲ್ಲಿಯೂ ಕೆಲಸ ಮಾಡಿದರು. ಮರಾಠಿಯಲ್ಲಿ ಬುದ್ಧನ ಚರಿತ್ರೆ, ತಮ್ಮ ಆತ್ಮಕಥೆ ಮೊದಲಾದ ಪುಸ್ತಕಗಳನ್ನು ಸಾಮಾನ್ಯ ಜನರಿಗೂ ತಿಳಿಯುವಂತೆ ಬರೆದರು. ರಷ್ಯಾದ ಲೆನಿನ್‌ಗ್ರಾಡಿನಿಂದ ಕರೆ ಬಂದಾಗ ಆ ಭಾಷೆಯನ್ನೂ ಕಲಿತು 1929ರಲ್ಲಿ ಅಲ್ಲಿಗೆ ಹೋದರು. ಆಗ ಅವರಿಗೆ 52 ದಾಟಿತ್ತು! 1930ರಲ್ಲಿ ಮರಳಿ ಬಂದವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಗೋವಾ ಗಡಿಗೆ ಹತ್ತಿರದ ಶಿರೋಡಾ ಎಂಬಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ದುಡಿದು ಸೆರೆಮನೆ ಕಂಡರು. ಮುಂಬಯಿಯ ಗಿರಣಿ ಕಾರ್ಮಿಕರ ಬಡಾವಣೆಯಾದ ಪರಳದಲ್ಲಿ 1937ರಲ್ಲಿ ಬಹುಜನ ವಿಹಾರವನ್ನು ತೆರೆದು ಕೂಲಿಕಾರರ ನಡುವೆ ವಾಸ ಮಾಡಿದರು. 1947ರ ಜೂನ್ ತಿಂಗಳಿನಲ್ಲಿ ಸೇವಾಗ್ರಾಮದ ಆಶ್ರಮದಲ್ಲಿ ತಮ್ಮ 70ನೆಯ ವಯಸ್ಸಿನಲ್ಲಿ ನಿಧನರಾದರು. ದೇಶ ಸ್ವತಂತ್ರವಾಗಲು ಇನ್ನೆರಡು ತಿಂಗಳಿತ್ತು. ಅವರು ಹುಟ್ಟಿದ ಗೋವಾಕ್ಕೆ ಬಿಡುಗಡೆ ಬಂದದ್ದು ಮುಂದೆ 14 ವರ್ಷಗಳ ಮೇಲೆ, 1961ರ ಡಿಸೆಂಬರ್ 19ರಂದು.

ಅವರ ವಿದ್ಯಾಯಾತ್ರೆಯ ಫಲ ಮಕ್ಕಳಿಗೂ ದೊರೆಯಿತು. 1918ರಲ್ಲಿ ಅಮೆರಿಕಕ್ಕೆ ಹೋಗುವಾಗ ಅವರು ಮಗನನ್ನಷ್ಟೇ ಅಲ್ಲ, ಮಗಳು ಮಾಣಿಕಳನ್ನೂ ಕರೆದೊಯ್ದರು. ತಾವು ಹೊರಟಾಗ ತೊಟ್ಟಿಲಲ್ಲಿದ್ದ ಮಗುವಿಗೆ ಹಾರ್ವರ್ಡಿನ ಊರಿನಲ್ಲಿ ಕಾಲೇಜು ಓದುವ ಅವಕಾಶ ಮಾಡಿಕೊಟ್ಟರು. ಮಗ ದಾಮೋದರ 1929ರಲ್ಲಿ ಹಾರ್ವರ್ಡಿನ ಪದವಿ ಪಡೆದು, ದೇಶಕ್ಕೆ ಮರಳಿ, ಗಣಿತಜ್ಞರಾಗಿಯೂ ಇತಿಹಾಸಕಾರರಾಗಿಯೂ ಪ್ರಸಿದ್ಧರಾದರು. ಡಿ. ಡಿ. ಕೋಸಂಬಿಯವರ ಹೆಸರಿನಲ್ಲಿ ಪಣಜಿಯಲ್ಲಿ 2008ರಲ್ಲಿ ವಿಚಾರೋತ್ಸವ ಆರಂಭವಾದದ್ದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು.

ಪಾಲಕ ಬಂಧುಗಳೇ, ಇನ್ನು ಕೊನೆಯ ಮಾತು ತಮಗೆ. ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನನ್ನ ಬಳಿಗೆ ಬಂದು, ಮಗಳಿಗೆ ಒಳ್ಳೆಯ ಅಂಕ ಬಂದಿದ್ದರೂ ಧಾರವಾಡದವರೆಗೆ ಓದಲು ಕಳಿಸಲು ಧೈರ್ಯ ಬರುತ್ತಿಲ್ಲವೆಂದು ಹೇಳಿ ಕಣ್ಣೀರು ಹಾಕಿದರು. ಅವರ ಭಯ ಸುಳ್ಳಲ್ಲ. ದೂರದ ಓದಿಗೆ ಹಣ ಬೇಕು, ಮನೆಗೆ ಬರುವ ದುಡಿಮೆ ಕಡಿಮೆಯಾಗುತ್ತದೆ, ಮಗು ಪರರ ಪಾಲಾದೀತೆಂಬ ಚಿಂತೆ ಬೇರೆ. ಆ ಹುಡುಗಿ ಕೊನೆಗೂ ಹೋಗಲಿಲ್ಲ. ನಾನು ಅವರಿಗೆ ಇನ್ನಷ್ಟು ತಿಳಿಸಿ ಹೇಳಬೇಕಾಗಿತ್ತೆಂದು ಇಂದಿಗೂ ನನಗೆ ಅನಿಸುತ್ತದೆ. ಆಗ ಹೇಳದೆ ಹೋದದ್ದನ್ನು ಈಗ ಹೇಳುತ್ತೇನೆ. ನಿಮ್ಮಲ್ಲಿ ಯಾರೂ ಓದಿಗಾಗಿ ಅಲ್ಲದಿದ್ದರೂ ಅನ್ನಕ್ಕಾಗಿ ಊರು ಬಿಟ್ಟು, ಗಡಿ ದಾಟಿ, ಬಾರದ ಕೊಂಕಣಿಯನ್ನು ಕಲಿತು ಇಲ್ಲಿ ಬಾಳು ಕಟ್ಟಿಕೊಂಡವರೇ. ಪರಸ್ಥಳ ಮನುಷ್ಯನಿಗೆ ಏನನ್ನು ಕಲಿಸುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಣಕ್ಕೂ ದಾರಿಗಳಿವೆ. ಪರಿಶಿಷ್ಟ ಜಾತಿಯವರು, ಅಲೆಮಾರಿ ಸಮುದಾಯದವರು, ಭೂಮಿಯಿಲ್ಲದ ಕೃಷಿ ಕೂಲಿಕಾರರು, ಪರಂಪರೆಯ ಕುಶಲಕರ್ಮಿಗಳು, ಇವರ ಮಕ್ಕಳು ಪರದೇಶದಲ್ಲಿ ಸ್ನಾತಕೋತ್ತರ ಪದವಿ, ಡಾಕ್ಟರೇಟ್ ಓದಲು ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಆದರೆ ಅದು ಪದವಿಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ. ಆ ಮೆಟ್ಟಿಲನ್ನು ಮುಟ್ಟಬೇಕಾದರೆ ಮೊದಲು ಹತ್ತನೆಯ ತರಗತಿಯ ನಂತರ ಓದು ನಿಲ್ಲಬಾರದು.

ವಿದ್ಯಾರ್ಥಿಗಳೇ, ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಕೋಸಂಬಿಯವರು ಎರಡನ್ನೂ ಮಾಡಿದರು. ವಿಷಯದ ಮೂಲಕ್ಕೆ ಹೋಗಿ ಬಲ್ಲವರ ಬಳಿ ಕಲಿಯುವುದು, ಬೇರೆ ಜನರ ನಡೆನುಡಿಗಳನ್ನು ಕಂಡು ಮನಸ್ಸು ದೊಡ್ಡದಾಗುವುದು, ದೂರದಿಂದ ನೋಡಿ ತನ್ನ ನಾಡಿನ ಕೊರತೆಯನ್ನೂ ಸಿರಿಯನ್ನೂ ಅರಿಯುವುದು, ಇವೇ ಪರದೇಶದ ಓದಿನ ಲಾಭಗಳು. ಆದರೆ ಅವರು ಪ್ರತಿ ಸಲವೂ ಮರಳಿ ಬಂದು, ತಂದದ್ದನ್ನು ಹಂಚಿದರು ಎಂಬುದನ್ನು ಮರೆಯಬೇಡಿ. ನಾಳೆ ಬಸ್ಸಿನಲ್ಲಿ ಸಾಂಕವಾಳವನ್ನು ದಾಟುವಾಗ ಒಮ್ಮೆ ಕಿಟಕಿಯಿಂದ ಹೊರಗೆ ನೋಡಿರಿ. ಆ ತೆಂಗಿನ ಮರಗಳ ನಡುವಿನಿಂದಲೇ ಅವರು ಹೊರಟದ್ದು.