ಹೆಂಡತಿ ಹೋದ ಮೇಲೂ 18 ವರ್ಷ 'ಉದಯರವಿ'ಯಲ್ಲೇ ಇದ್ದರು ಕುವೆಂಪು: ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಕವಿಯ ಮನೆ ಬದುಕು

ಹಿರೇನಲ್ಲೂರು: ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಎಷ್ಟೋ ಹುಡುಗರ ಡಿಗ್ರಿ ಸರ್ಟಿಫಿಕೇಟ್ ಮೇಲೆ ಅವರ ಹೆಸರಿದೆ. ಶಾಲೆಯಲ್ಲಿ ಮಕ್ಕಳು ಹಾಡೋ ನಾಡಗೀತೆ ಅವರದ್ದೇ. ಆದರೆ ಕುವೆಂಪು ಅವರು ವಯಸ್ಸಾದ ಮೇಲೆ ಹೇಗಿದ್ದರು, ಎಲ್ಲಿದ್ದರು, ಅವರನ್ನ ನೋಡಿಕೊಂಡವರು ಯಾರು ಅನ್ನೋದು ಅಷ್ಟಾಗಿ ಯಾರ ಬಾಯಲ್ಲೂ ಬರಲ್ಲ. ನಮ್ಮ ಹೋಬಳಿಯಲ್ಲಿ ಈಗ ಬೀದಿಗೆ ನಾಲ್ಕು ಮನೆ ಹಾಗೇ ಇದಾವೆ: ಮಕ್ಕಳು ಬೆಂಗಳೂರಲ್ಲಿ, ಅಪ್ಪ ಅಮ್ಮ ಊರಲ್ಲಿ. ಕರೆದರೆ ಬರಲ್ಲ, ಬಿಟ್ಟು ಹೋದರೆ ಮನಸ್ಸು ತಡೆಯಲ್ಲ. ಆ ಮನೆಗಳವರಿಗೆ ಈ ಕಥೆ ಬೇಕಾಗಬಹುದು.

ಕುವೆಂಪು ಹುಟ್ಟಿದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ. 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿ ಸೀತಮ್ಮನವರ ತವರು. ಹೆರಿಗೆ, ಬಾಣಂತನ ಎಲ್ಲ ತವರುಮನೇಲೇ ಆಗಬೇಕು ಅನ್ನೋ ಕಾಲ ಅದು. ಹಾಗಾಗಿ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಾದರೂ ಹುಟ್ಟೂರಿನ ಲೆಕ್ಕ ನಮ್ಮ ಪಾಲಿಗೆ ಬಂತು.

ಕುಪ್ಪಳಿ ಮನೆಯನ್ನ ನೋಡಿದವರಿಗೆ ಗೊತ್ತು, ಮೂರಂತಸ್ತಿನ ತೊಟ್ಟಿ ಮನೆ. ಒಂದೇ ಸೂರಿನಡಿ ಹತ್ತಾರು ಜನ. ಮಲೆನಾಡಿನಲ್ಲಿ ಆಗ ಆಸ್ಪತ್ರೆ ಅನ್ನೋದು ದೂರದ ಮಾತು. ಜ್ವರ ಬಂದರೆ ಕಷಾಯ, ಕಂಬಳಿ, ಪಕ್ಕದಲ್ಲಿ ಕೂರೋ ಒಬ್ಬರು, ಇಷ್ಟೇ ಚಿಕಿತ್ಸೆ. ಹಳೇ ಕಾಲದ ಕೂಡುಕುಟುಂಬ ಅಂದರೆ ಸ್ವರ್ಗ ಅಂತ ನಾವು ಹೇಳ್ತೀವಿ, ಆದರೆ ಆ ಕಾಲದಲ್ಲಿ ಸಾವು ಮನೆ ಬಾಗಿಲಲ್ಲೇ ಇರ್ತಿತ್ತು. ಹುಡುಗ ಪುಟ್ಟಪ್ಪನಿಗೆ ಸುಮಾರು 12 ವರ್ಷ ಇದ್ದಾಗ ತಂದೆ ವೆಂಕಟಪ್ಪಗೌಡರು ತೀರಿಕೊಂಡರು. ಮೈಸೂರಿಗೆ ಓದೋಕೆ ಹೋದ ಮೇಲೆ ತಾಯಿಯೂ ಹೋದರು. ಅಲ್ಲಿಗೆ ಊರಲ್ಲಿ ದೊಡ್ಡ ಮನೆ ಇದ್ದರೂ ತನ್ನದು ಅಂತ ಕಾಯೋ ಜೀವ ಕಡಿಮೆಯಾಯಿತು.

ಮೈಸೂರಲ್ಲಿ ಅವರದು ಬಾಡಿಗೆ ರೂಮಿನ ಬದುಕು. ಮಹಾರಾಜ ಕಾಲೇಜಿನಲ್ಲಿ ಓದ್ತಿದ್ದಾಗ ಒಮ್ಮೆ ಜೋರಾಗಿ ಕಾಯಿಲೆ ಬಿದ್ದರು. ಆಗ ಕೈ ಹಿಡಿದವರು ರಾಮಕೃಷ್ಣ ಆಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು. ಮೈಸೂರಿನ ಆಶ್ರಮ ಶುರುವಾಗಿದ್ದೇ 1925ರಲ್ಲಿ, ಇನ್ನೂ ಹೊಸದು. ರೂಮಿನಲ್ಲಿ ಒಬ್ಬನೇ ನರಳ್ತಿದ್ದ ಹುಡುಗನನ್ನ ಅವರು ಆಶ್ರಮಕ್ಕೆ ಕರೆದುಕೊಂಡು ಬಂದು ಇಟ್ಟುಕೊಂಡರು. ಗುಣವಾದ ಮೇಲೂ ಹೋಗು ಅನ್ನಲಿಲ್ಲ. 1927ರಲ್ಲಿ ಬಿಎ, 1929ರಲ್ಲಿ ಎಂಎ ಮುಗಿದು, ಅದೇ ಮಹಾರಾಜ ಕಾಲೇಜಿಗೆ ಮೇಷ್ಟ್ರಾಗಿ ಸೇರಿದ ಮೇಲೂ ಆಶ್ರಮವೇ ಅವರ ಮನೆ. ಹೆಚ್ಚು ಕಡಿಮೆ ಹತ್ತು ವರ್ಷ. ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಹೊತ್ತಿಗೆ ಊಟ, ಮಾತಾಡಿಸೋರು, ಓದೋಕೆ ಜಾಗ ಸಿಕ್ಕಿದ್ದು ಅಲ್ಲಿ. ಆ ಹತ್ತು ವರ್ಷ ಇಲ್ಲದಿದ್ದರೆ 1936ರಲ್ಲಿ 'ಕಾನೂರು ಹೆಗ್ಗಡಿತಿ' ಬರ್ತಿತ್ತೋ ಇಲ್ಲವೋ, ನನಗಂತೂ ಅನುಮಾನ.

1937ರಲ್ಲಿ ಮದುವೆ. ಹುಡುಗಿ ದೇವಂಗಿ ಮನೆತನದ ಹೇಮಾವತಿಯವರು. ಒಂಟಿಕೊಪ್ಪಲಿನಲ್ಲಿ ಸ್ವಂತ ಮನೆ ಎದ್ದಿತು, ಅದಕ್ಕೆ 'ಉದಯರವಿ' ಅಂತ ಹೆಸರು. ಸುತ್ತ ಗಿಡ, ಹೂವು. ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ, ಹೀಗೆ ನಾಲ್ಕು ಮಕ್ಕಳು ಬೆಳೆದ ಮನೆ ಅದು. ಮುಂದೆ ತಮ್ಮ ಪುಸ್ತಕಗಳನ್ನ ತಾವೇ ಪ್ರಕಟಿಸಿದಾಗ ಪ್ರಕಾಶನಕ್ಕೂ ಅದೇ ಹೆಸರಿಟ್ಟರು. ಅಂಗಡಿ ಮುಂದೆ, ಮನೆ ಹಿಂದೆ ಇಟ್ಟುಕೊಂಡಿರೋ ನಮ್ಮ ಪೇಟೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಬದುಕೋ ಜಾಗ, ದುಡಿಯೋ ಜಾಗ ಎರಡೂ ಒಂದೇ ಆದಾಗ ಮನುಷ್ಯ ಅಷ್ಟು ಸುಲಭವಾಗಿ ಅಲ್ಲಿಂದ ಏಳಲ್ಲ.

ಆ ಮನೆ ನಡೆದದ್ದು ಹೇಮಾವತಿಯವರ ಕೈಯಲ್ಲಿ. ಬರೆಯೋ ಗಂಡ, ಕಾಲೇಜು, ಬಂದು ಹೋಗೋ ಜನ, ನಾಲ್ಕು ಮಕ್ಕಳು. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದ ಬಗ್ಗೆ ಭಾಷಣ ಮಾಡೋರು ಆ ವರ್ಷಗಳಲ್ಲಿ ಮನೆ ಒಲೆ ಹಚ್ಚಿದವರು ಯಾರು ಅಂತ ಹೇಳಲ್ಲ. ಕುವೆಂಪು ಮಾತ್ರ ಮರೆತಿರಲಿಲ್ಲ. 1946ರಲ್ಲಿ ಬಂದ 'ಪ್ರೇಮ ಕಾಶ್ಮೀರ' ಹೆಂಡತಿ ಮೇಲಿನ ಪ್ರೀತಿಯ ಕವನಗಳದ್ದೇ ಪುಸ್ತಕ. ಹೆಂಡತಿ ಬಗ್ಗೆ ನಾಲ್ಕು ಒಳ್ಳೆ ಮಾತು ಹೊರಗೆ ಆಡೋಕೆ ಈಗಲೂ ಎಷ್ಟೋ ಗಂಡಸರಿಗೆ ನಾಚಿಕೆ, ಅವರು ಆಗಲೇ ಅಚ್ಚು ಹಾಕಿಸಿದ್ದರು.

ಆಮೇಲಿನ ದೊಡ್ಡ ದೊಡ್ಡ ವಿಷಯ ಎಲ್ಲರಿಗೂ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀನಿ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ, ಮಾನಸಗಂಗೋತ್ರಿ ಕಟ್ಟಿದ್ದು, 1964ರಲ್ಲಿ ರಾಷ್ಟ್ರಕವಿ, 1967ನೇ ಸಾಲಿಗೆ ಕನ್ನಡದ ಮೊದಲ ಜ್ಞಾನಪೀಠ.

ನಮಗೆ ಬೇಕಾದ್ದು 1960ರ ಮೇಲಿನದು. ನಿವೃತ್ತಿ ಆದಾಗ ಅವರಿಗೆ 56 ತುಂಬಿರಲಿಲ್ಲ. ಅಲ್ಲಿಂದ ಮುಂದೆ 34 ವರ್ಷ ಬದುಕಿದರು, ನೌಕರಿ ಮಾಡಿದ್ದಕ್ಕಿಂತ ಹೆಚ್ಚು ವರ್ಷ! ಅಧಿಕಾರ ಹೋದ ಮೇಲೆ ಬೇರೆ ಕುರ್ಚಿ ಹುಡುಕಿಕೊಂಡು ಹೋಗಲಿಲ್ಲ, ಉದಯರವಿಗೆ ಬಂದು ಕೂತರು. 'ಮಲೆಗಳಲ್ಲಿ ಮದುಮಗಳು' ಅಚ್ಚಾಗಿ ಬಂದಿದ್ದು 1967ರಲ್ಲಿ, ಅಂದರೆ ನಿವೃತ್ತಿಯಾಗಿ ಏಳು ವರ್ಷಕ್ಕೆ. ರಿಟೈರ್ ಆದ ಮಾರನೇ ದಿನವೇ ಮಂಕಾಗಿ ಜಗಲಿ ಮೇಲೆ ಕೂರೋರನ್ನ ನಾವು ನೋಡಿದೀವಿ. ಇವರಿಗೆ ಮನೆ ಒಳಗೇ ಕೆಲಸ ಇತ್ತು.

1976ರಲ್ಲಿ ಹೇಮಾವತಿಯವರು ತೀರಿಕೊಂಡರು. ಮದುವೆಯಾಗಿ 39 ವರ್ಷ ಆಗಿತ್ತು. ಕುವೆಂಪು ಅವರಿಗೆ ಆಗ 71.

ಹಿರಿಯರಿರೋ ಯಾವುದೇ ಮನೇಲಿ ಕಷ್ಟದ ಪ್ರಶ್ನೆ ಎದ್ದೇಳೋದು ಈ ಹೊತ್ತಲ್ಲೇ. ತಿಥಿ ಮುಗಿದ ರಾತ್ರಿ ಮಕ್ಕಳು ಕೂತು ಮಾತಾಡ್ತಾರೆ. ಅಪ್ಪ ಇನ್ನು ಯಾರ ಹತ್ತಿರ? ದೊಡ್ಡ ಮಗ ಪೂರ್ಣಚಂದ್ರ ತೇಜಸ್ವಿ ನಮ್ಮ ಜಿಲ್ಲೆಯ ಮೂಡಿಗೆರೆ ಕಡೆ ತೋಟ ಮಾಡಿಕೊಂಡಿದ್ದರು. 1966ರಲ್ಲಿ ಮಂತ್ರಮಾಂಗಲ್ಯದಲ್ಲಿ ರಾಜೇಶ್ವರಿಯವರನ್ನ ಮದುವೆಯಾಗಿ, ಪೇಟೆ ಬೇಡ ಅಂತ ಕಾಡಿನ ಪಕ್ಕ ನೆಲೆ ನಿಂತವರು. ಅದು ಮೈಸೂರಿನಿಂದ ಹಾಸನ ದಾಟಿ ಬರಬೇಕಾದಷ್ಟು ದೂರ. ಗಂಡು ಮಗನ ಮನೆಗೇ ಅಪ್ಪ ಹೋಗಬೇಕು ಅಂತ ಲೋಕ ಹೇಳುತ್ತೆ. ಇಲ್ಲಿ ಹಾಗಾಗಲಿಲ್ಲ. ತೇಜಸ್ವಿ ಮೂಡಿಗೆರೆಯಲ್ಲೇ ಉಳಿದರು, ಅಪ್ಪ ಮೈಸೂರಲ್ಲೇ ಉಳಿದರು. ಹಾಗಂತ ಅಪ್ಪ ಮಗನ ನಡುವೆ ಪ್ರೀತಿ ಕಮ್ಮಿ ಇತ್ತು ಅಂದುಕೊಳ್ಳಬೇಡಿ, ತೇಜಸ್ವಿಯವರು ಬರೆದ 'ಅಣ್ಣನ ನೆನಪು' ಓದಿದರೆ ಗೊತ್ತಾಗುತ್ತೆ. ಮಕ್ಕಳು ಅಪ್ಪನನ್ನ ಅಣ್ಣ ಅಂತಲೇ ಕರೀತಿದ್ದದ್ದು.

ಉದಯರವಿಯಲ್ಲಿ ಜೊತೆಗೆ ನಿಂತವರು ಕಿರಿಯ ಮಗಳು ತಾರಿಣಿ ಮತ್ತು ಅಳಿಯ ಕೆ. ಚಿದಾನಂದಗೌಡರು. ಮೈಸೂರಿನಲ್ಲಿ ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಇವರೇ ಮುಂದೆ ಮಾವನ ಹೆಸರಿನ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಕುಲಪತಿಯಾದದ್ದು. ಅಪ್ಪ ಮಗಳ ಮನೆಗೆ ಹೋಗಿ ಇರಲಿಲ್ಲ, ಮಗಳ ಸಂಸಾರವೇ ಅಪ್ಪನ ಮನೇಲಿತ್ತು. ಕೇಳೋಕೆ ಸಣ್ಣ ವ್ಯತ್ಯಾಸ ಇದು, ಆದರೆ ವಯಸ್ಸಾದವರಿಗೆ ಇದೇ ದೊಡ್ಡದು. ರಾತ್ರಿ ಎದ್ದರೆ ದೀಪದ ಸ್ವಿಚ್ ಎಲ್ಲಿದೆ ಅಂತ ಕೈಗೆ ಗೊತ್ತಿರುತ್ತೆ. ಪುಸ್ತಕ ಇಟ್ಟ ಜಾಗದಲ್ಲೇ ಸಿಗುತ್ತೆ. ಬಂದವರು ತಮ್ಮನ್ನ ನೋಡೋಕೇ ಬಂದಿರ್ತಾರೆ, ಮನೆ ಯಜಮಾನಿಕೆ ತಮ್ಮದೇ ಆಗಿರುತ್ತೆ. ಬೇರೆಯವರ ಮನೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಹಿರಿಯರು ಒಂದು ಲೋಟ ನೀರಿಗೂ ಹಿಂದೆ ಮುಂದೆ ನೋಡ್ತಾರೆ.

ನೋಡಿಕೊಳ್ಳೋರಿಗೆ ಇದು ಸುಲಭದ ಕೆಲಸ ಅಂತ ನಾನು ಹೇಳಲ್ಲ. ಒಂದು ದಿನದ್ದಲ್ಲ, ಎರಡು ದಿನದ್ದಲ್ಲ, 18 ವರ್ಷ. ನಡುವೆ ಸಂಸಾರ, ನೌಕರಿ, ನಾಡಿನ ನಾನಾ ಕಡೆಯಿಂದ ಕವಿಯ ದರ್ಶನಕ್ಕೆ ಅಂತ ಬರೋ ಜನ. ನಮ್ಮಲ್ಲಿ ಆಸ್ತಿ ಪಾಲಿನ ಮಾತು ಬಂದಾಗ ಗಂಡು ಮಕ್ಕಳು, ಆರೈಕೆ ಮಾತು ಬಂದಾಗ ಹೆಣ್ಣು ಮಕ್ಕಳು ನೆನಪಾಗ್ತಾರೆ ಅನ್ನೋದೂ ಸುಳ್ಳಲ್ಲ. ತಾರಿಣಿಯವರು ತಂದೆಯ ಬಗ್ಗೆ 'ಮಗಳು ಕಂಡ ಕುವೆಂಪು' ಅಂತ ಪುಸ್ತಕ ಬರೆದಿದ್ದಾರೆ. ಕವಿಯನ್ನ ಮನೆ ಒಳಗಿಂದ ನೋಡಬೇಕು ಅನ್ನೋರು ಅದನ್ನ ಓದಬೇಕು.

ಹೆಂಡತಿ ಹೋದ ದುಃಖದಲ್ಲಿ ಕುವೆಂಪು ಪೆನ್ನು ಕೆಳಗಿಡಲಿಲ್ಲ. ಆತ್ಮಕಥೆ 'ನೆನಪಿನ ದೋಣಿಯಲ್ಲಿ' 1980ರಲ್ಲಿ ಬಂತು, ಸಾಕಷ್ಟು ದಪ್ಪ ಪುಸ್ತಕ. 1985ರ ಡಿಸೆಂಬರ್‌ನಲ್ಲಿ ಮೈಸೂರಿನಲ್ಲಿ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ಉದ್ಘಾಟಿಸಿದವರು ಅವರೇ, 81 ತುಂಬೋ ಹೊತ್ತಿನಲ್ಲಿ. 1987ರಲ್ಲಿ ಮೊದಲ ಪಂಪ ಪ್ರಶಸ್ತಿ, 1988ರಲ್ಲಿ ಪದ್ಮವಿಭೂಷಣ, 1992ರಲ್ಲಿ ಕರ್ನಾಟಕ ರತ್ನ. ಕೊನೆಕೊನೆಗೆ ಮೈ ಸೋತಿತ್ತು. ಆಗಲೂ ಅವರ ವಿಳಾಸ ಬದಲಾಗಲಿಲ್ಲ: ಉದಯರವಿ, ಒಂಟಿಕೊಪ್ಪಲು, ಮೈಸೂರು.

1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. 90 ತುಂಬೋಕೆ ಒಂದೂವರೆ ತಿಂಗಳಷ್ಟೇ ಬಾಕಿ ಇತ್ತು. ದೇಹವನ್ನ ಕುಪ್ಪಳಿಗೆ ತಂದು, ಅವರು ಹುಡುಗರಾಗಿದ್ದಾಗಿಂದ ಹೋಗಿ ಕೂರ್ತಿದ್ದ ಕವಿಶೈಲದಲ್ಲಿ ಅಂತ್ಯಕ್ರಿಯೆ ಮಾಡಿದರು. ಹಳೇ ತೊಟ್ಟಿ ಮನೆ ಈಗ 'ಕವಿಮನೆ', ಜನ ನೋಡೋಕೆ ತೆರೆದಿದೆ. ನಮ್ಮ ಕಡೆಯಿಂದ ಹೋಗೋರು ತರೀಕೆರೆ, ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಹೋಗಬಹುದು. ಹಿರೇಕೊಡಿಗೆಯನ್ನೂ ನೋಡಬೇಕು ಅನ್ನೋರಿಗೆ ಕೊಪ್ಪದ ದಾರಿ.