ಉಳಿದಿದ್ದ ಸೀಟು, ಬೆಳೆದ ಕಲಾವಿದ

ಪಾಶ್ಚಾತ್ಯ ವಾದ್ಯವೃಂದವನ್ನು ನೋಡಿದಾಗಲೆಲ್ಲ ನನ್ನ ಗಮನ ಹರಿಯುವುದು ಒಂದು ಬದಿಯಲ್ಲಿ ಆಳೆತ್ತರದ ಡಬಲ್ ಬೇಸ್ ಹಿಡಿದವರತ್ತ. ಪಿಟೀಲಿನ ಬಳಗದಲ್ಲಿ ಗಾತ್ರದಲ್ಲಿ ಅತಿ ದೊಡ್ಡದು, ಸ್ವರದಲ್ಲಿ ಅತಿ ಮಂದ್ರವಾದದ್ದು ಈ ವಾದ್ಯ. ಇಡೀ ವೃಂದ ಅದನ್ನು ಆಧರಿಸಿ ನಿಂತಿದ್ದರೂ ಕೇಳುಗರ ಕಿವಿ ಅದನ್ನು ಹುಡುಕಿ ಹೋಗುವುದು ಅಪರೂಪ. ಇಂಥ ವಾದ್ಯಕ್ಕೆ ಏಕವ್ಯಕ್ತಿ ವಾದನದ ಘನತೆ ತಂದವರಲ್ಲಿ ಅಗ್ರಗಣ್ಯನಾದ ಜೊವಾನಿ ಬೊಟ್ಟೆಸಿನಿ ಅದನ್ನು ತಾನಾಗಿ ಆರಿಸಿಕೊಂಡವನಲ್ಲ.

ಇಟಲಿಯ ಕ್ರೆಮಾ ಪಟ್ಟಣದಲ್ಲಿ 1821ರಲ್ಲಿ ಹುಟ್ಟಿದ ಆತನ ತಂದೆ ಕ್ಲಾರಿನೆಟ್ ವಾದಕರು. ಹುಡುಗ ಕಲಿತಿದ್ದುದು ಪಿಟೀಲು. 1835ರಲ್ಲಿ ಮಿಲಾನ್ ಸಂಗೀತ ವಿದ್ಯಾಲಯ ಸೇರಲು ಹೊರಟಾಗ ವಿದ್ಯಾರ್ಥಿವೇತನವಿಲ್ಲದೆ ಓದಿಸುವ ಶಕ್ತಿ ಮನೆಯವರಿಗಿರಲಿಲ್ಲ. ವೇತನಸಹಿತ ಸ್ಥಾನಗಳು ಉಳಿದಿದ್ದುದು ಎರಡೇ ವಾದ್ಯಗಳಿಗೆ: ಬಸೂನ್ ಮತ್ತು ಡಬಲ್ ಬೇಸ್. ಕೆಲವೇ ವಾರಗಳ ಸಿದ್ಧತೆಯಲ್ಲಿ ಆತ ಡಬಲ್ ಬೇಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ. ಲುಯಿಜಿ ರೊಸ್ಸಿ ಗುರುವಾದರು. ನಾಲ್ಕೇ ವರ್ಷಗಳಲ್ಲಿ 300 ಫ್ರಾಂಕ್ ಬಹುಮಾನದೊಂದಿಗೆ ಹೊರಬಂದ ಆತನಿಗೆ ಟೆಸ್ಟೊರೆ ತಯಾರಿಸಿದ ಹಳೆಯ ವಾದ್ಯವೊಂದನ್ನು ಕೊಳ್ಳಲು ಆ ಹಣವೇ ನೆರವಾಯಿತು.

ಆ ವಾದ್ಯಕ್ಕಿದ್ದುದು ಮೂರೇ ತಂತಿ. ತಂತಿಯನ್ನು ಒತ್ತದೆ, ಬೆರಳಿನಿಂದ ಹಗುರವಾಗಿ ಸ್ಪರ್ಶಿಸಿ ತಾರಸ್ಥಾಯಿಯ ಸ್ವರಗಳನ್ನು ಹೊರಡಿಸುವ ಕಲೆಯನ್ನು ಆತ ಸಿದ್ಧಿಸಿಕೊಂಡ. ಕೇಳಿದವರು ಆತನನ್ನು ಡಬಲ್ ಬೇಸಿನ ಪಗನೀನಿ ಎಂದು ಕರೆದರು. ಹವಾನಾದ ನಾಟಕಶಾಲೆಯಲ್ಲಿ ದುಡಿದು, 1849ರಲ್ಲಿ ಲಂಡನ್ನಿನ ಶ್ರೋತೃಗಳನ್ನು ಗೆದ್ದ. ಆತ ಒಪೆರಾ ನಿರ್ದೇಶಕನೂ ಹೌದು. ಅಂಕಗಳ ನಡುವಿನ ಬಿಡುವಿನಲ್ಲಿ ತನ್ನ ವಾದ್ಯವನ್ನು ವೇದಿಕೆಗೆ ತಂದು, ಅದೇ ಒಪೆರಾದ ರಾಗಗಳನ್ನು ವಿಸ್ತರಿಸಿ ನುಡಿಸುವುದಿತ್ತು. 1871ರ ಡಿಸೆಂಬರ್ 24ರಂದು ಕೈರೋದಲ್ಲಿ ವೆರ್ಡಿಯ ‘ಐಡಾ’ ಮೊದಲ ಬಾರಿಗೆ ರಂಗವೇರಿದಾಗ ವಾದ್ಯವೃಂದವನ್ನು ಮುನ್ನಡೆಸಿದವನು ಇದೇ ಬೊಟ್ಟೆಸಿನಿ.

ಸಿಕ್ಕಿದ್ದರಲ್ಲೇ ತೃಪ್ತಿಪಡಬೇಕು ಎಂದು ಮಕ್ಕಳಿಗೆ ಉಪದೇಶಿಸಲು ಈ ಜೀವನವೊಂದು ಒಳ್ಳೆಯ ನಿದರ್ಶನವೆಂದು ಕೆಲವರಿಗೆ ತೋರಬಹುದು. ನಾನು ಹಾಗೆ ಭಾವಿಸಲಾರೆ. ಆಯ್ಕೆ ಕೈತಪ್ಪಿದ್ದರಿಂದ ಬೊಟ್ಟೆಸಿನಿ ದೊಡ್ಡವನಾಗಲಿಲ್ಲ. ಪಿಟೀಲು ಪಳಗಿಸಿದ್ದ ಕಿವಿ ಮತ್ತು ಬೆರಳು ಆತನಲ್ಲಿದ್ದವು. ಶುಲ್ಕದ ಚಿಂತೆಯಿಲ್ಲದ ಕಲಿಕೆ, ಸಮರ್ಥ ಗುರು, ಒಳ್ಳೆಯ ವಾದ್ಯಕ್ಕೆ ನೆರವಾದ ಬಹುಮಾನ ಒಂದರ ಹಿಂದೊಂದು ಒದಗಿದವು. ಇವುಗಳಲ್ಲಿ ಒಂದು ಕೊಂಡಿ ಕಳಚಿದ್ದರೂ ಆತ ಅನಾಮಧೇಯನಾಗಿ ಉಳಿಯುವ ಸಾಧ್ಯತೆಯೇ ಹೆಚ್ಚಿತ್ತು. ಒಲ್ಲದ ವಿಷಯದ ತರಗತಿಯಲ್ಲಿ ಮಗುವನ್ನು ಕೂರಿಸಿ, ಮುಂದಿನದನ್ನು ಪ್ರತಿಭೆಗೆ ಬಿಟ್ಟುಬಿಡುವ ವ್ಯವಸ್ಥೆ ಬೊಟ್ಟೆಸಿನಿಯ ಹೆಸರನ್ನು ಸಮರ್ಥನೆಗೆ ಬಳಸಲಾಗದು.

1889ರಲ್ಲಿ ವೆರ್ಡಿಯ ಶಿಫಾರಸಿನ ಮೇರೆಗೆ ಆತ ಪಾರ್ಮಾ ಸಂಗೀತ ವಿದ್ಯಾಲಯದ ನಿರ್ದೇಶಕನಾದ. ಅದೇ ವರ್ಷದ ಜುಲೈ 7ರಂದು ತೀರಿಕೊಂಡ. ಉಳಿದ ಸೀಟಿನಲ್ಲಿ ಕಲಿತವನಿಗೆ ಸೀಟು ಹಂಚುವ ಅಧಿಕಾರ ಇನ್ನಷ್ಟು ಕಾಲ ಇರಬೇಕಿತ್ತು ಎನಿಸುತ್ತದೆ.